ಕಾರಂಜಿ ಓಡಬೇಕಾದ್ದು ಬೆಳಗಿನ ಜಾವ

ಮಾನ್ಯ ಸಂಪಾದಕರೇ,

ಕೆರೆಯಿರುವ ದೊಡ್ಡ ಉದ್ಯಾನಕ್ಕೆ ನಸುಕಿನಲ್ಲೇ ಹೋಗುವವರು ಬೇಸಿಗೆಯಲ್ಲಿ ಇದನ್ನು ಕಂಡಿರಬಹುದು. ದಡದುದ್ದಕ್ಕೂ ಮೀನುಗಳು ಮೇಲೆ ಬಂದು, ಮೂತಿಯಷ್ಟನ್ನೇ ನೀರಿನಾಚೆ ಚಾಚಿ ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಪಾಪ, ಹಸಿದಿವೆ ಎಂದು ಜನ ಬ್ರೆಡ್ಡು, ಬಿಸ್ಕತ್ತು ಎಸೆಯುತ್ತಾರೆ. ಹಸಿದ ಮೀನು ಗಬಕ್ಕನೆ ಕಚ್ಚಿ ಕೆಳಗಿಳಿಯುತ್ತದೆ. ಇವು ಅಲ್ಲೇ ತೇಲುತ್ತ ನಿಲ್ಲುತ್ತವೆ, ಎಸೆದ ಚೂರಿನತ್ತ ತಿರುಗುವುದಿಲ್ಲ, ಮೇಲೆ ನೆರಳು ಬಿದ್ದರೂ ಬೆದರುವುದಿಲ್ಲ. ಉಸಿರು ಕಟ್ಟಿದ ಮೀನಿನ ಲಕ್ಷಣ ಅದು.

ಬಿಸಿಲಿರುವಾಗ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ಆಮ್ಲಜನಕವನ್ನು ವಾಪಸ್ ಎಳೆದುಕೊಳ್ಳುತ್ತದೆ. ಮೀನು ಮತ್ತು ತಳದ ಕೆಸರಿನ ಬ್ಯಾಕ್ಟೀರಿಯಾಗಳ ಪಾಲು ಬೇರೆ. ಹೀಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಮಟ್ಟ ತೀರಾ ಕೆಳಗಿಳಿದಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. 5ರ ಮೇಲಿದ್ದರೆ ಚಿಂತೆಯಿಲ್ಲ. 3ಕ್ಕಿಂತ ಇಳಿದರೆ ಬಹಳಷ್ಟು ಮೀನುಗಳಿಗೆ ಸಂಕಟ. ಎರಡು ಮೂರು ದಿನ ಮೋಡ ಮುಸುಕಿದರೆ ಹಗಲಿನ ಗಳಿಕೆಯೂ ಇಲ್ಲದೆ ಅಪಾಯ ಹೆಚ್ಚುತ್ತದೆ. ಆಗ ಮೊದಲು ಸಾಯುವುದು ಸಾಮಾನ್ಯವಾಗಿ ದೊಡ್ಡ ಮೀನುಗಳು. ಮರಿಗಳೂ ಒಟ್ಟಿಗೇ ಸತ್ತು ತೇಲಿದರೆ ವಿಷದ ಅನುಮಾನ ಪಡಬೇಕು.

ಇನ್ನು ಕಾರಂಜಿಯ ವಿಷಯ. ಚಿಮ್ಮಿ ಬೀಳುವ ನೀರು ಗಾಳಿಯ ಆಮ್ಲಜನಕವನ್ನು ಕೆರೆಗೆ ಬೆರೆಸುತ್ತದೆ. ಸಂಜೆ ದೀಪ ಹಾಕಿ ಚಿಮ್ಮಿಸಿ, ಗೇಟು ಮುಚ್ಚುವಾಗ ಆರಿಸುವುದು ರೂಢಿ. ಸಂಜೆ ಕೆರೆಗೆ ಅದರ ಅಗತ್ಯ ತೀರಾ ಕಡಿಮೆ. ಪಾಚಿ ದಟ್ಟವಾಗಿರುವ ನೀರಿನಲ್ಲಿ ಮಧ್ಯಾಹ್ನ ಮಿತಿಮೀರಿ ತುಂಬಿಕೊಂಡ ಆಮ್ಲಜನಕವನ್ನು ಕಾರಂಜಿ ಗಾಳಿಗೆ ಬಿಟ್ಟುಕೊಡುವುದೂ ಉಂಟು! ನೋಟಕ್ಕೆ ಸಂಜೆ ಒಂದು ಗಂಟೆ ಓಡಲಿ, ಬೇಡವೆನ್ನುವುದಿಲ್ಲ. ಆದರೆ ಪಂಪಿಗೆ ಟೈಮರ್ ಹಾಕಿ ಮಧ್ಯರಾತ್ರಿಯಿಂದ ಸೂರ್ಯೋದಯವಾಗಿ ಒಂದು ತಾಸಿನವರೆಗೆ ಓಡಿಸಲೇಬೇಕು. ಚಿಮ್ಮುವ ಎತ್ತರ ಕಡಿಮೆಯಾದರೆ ಮೊದಲು ನೋಡಬೇಕಾದ್ದು ನೀರೆಳೆಯುವ ಕಡೆಯ ಜಾಲರಿ. ಎಲೆ, ಪ್ಲಾಸ್ಟಿಕ್ ಚೀಲ ಅಂಟಿಕೊಂಡಿರುತ್ತವೆ.

ಕಾರಂಜಿ ಮೇಲ್ಪದರದ ನೀರನ್ನಷ್ಟೇ ಕಲಕುತ್ತದೆ. ಆಳವಾದ ಕೆರೆಗೆ ತಳದಿಂದ ಗಾಳಿಗುಳ್ಳೆ ಬಿಡುವ ವ್ಯವಸ್ಥೆ ಬೇಕು. ಅದನ್ನು ಉದ್ಘಾಟನೆಯ ದಿನವೇ ಇಡೀ ದಿನ ಓಡಿಸಿದರೆ ತಳದ ಕೊಳೆತ, ಆಮ್ಲಜನಕವಿಲ್ಲದ ನೀರು ಒಮ್ಮೆಲೇ ಮೇಲೆದ್ದು, ಉಳಿಸಹೊರಟ ಮೀನುಗಳನ್ನೇ ಕೊಲ್ಲುತ್ತದೆ. ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ, ಹೀಗೆ ದಿನಕ್ಕೆ ಎರಡರಷ್ಟು ಮಾಡುತ್ತ ಹೋಗಬೇಕು.

ನೀರಿನ ಪರೀಕ್ಷೆಯಲ್ಲೂ ಇದೇ ಎಡವಟ್ಟು. ಕಚೇರಿ ವೇಳೆಯಲ್ಲಿ, ಹನ್ನೊಂದಕ್ಕೋ ಮೂರಕ್ಕೋ ಅಳೆದರೆ ವರದಿ ಚೆನ್ನಾಗಿಯೇ ಬರುತ್ತದೆ. ಸೂರ್ಯೋದಯಕ್ಕೆ ಮುಂಚೆ, ಮೇಲಿನಿಂದ ಒಂದಡಿ ಕೆಳಗೆ ಒಮ್ಮೆ, ತಳದಿಂದ ಅರ್ಧ ಮೀಟರ್ ಮೇಲೆ ಇನ್ನೊಮ್ಮೆ ಅಳೆಯಬೇಕು. ಅಳೆದ ಹೊತ್ತನ್ನು ನಮೂದಿಸದ ಅಂಕಿ ಯಾವ ಕೆಲಸಕ್ಕೂ ಬಾರದು.

ತಿನ್ನದೆ ಉಳಿದ ಬ್ರೆಡ್ಡು ತಳಕ್ಕಿಳಿದು ಕೊಳೆಯುವಾಗ ಇದ್ದಬದ್ದ ಆಮ್ಲಜನಕವನ್ನೂ ಮುಗಿಸುತ್ತದೆ, ಅದರಲ್ಲಿನ ರಂಜಕ ಮತ್ತಷ್ಟು ಪಾಚಿಗೆ ಗೊಬ್ಬರವಾಗುತ್ತದೆ. 'ಆಹಾರ ಹಾಕಬೇಡಿ' ಎಂಬ ಫಲಕದ ಕೆಳಗೆ ಈ ಕಾರಣವನ್ನೂ ಎರಡು ಸಾಲಿನಲ್ಲಿ ಬರೆದರೆ ಜನ ಕೇಳಿಯಾರು. ಮೀನು ಬಾಯಿ ಬಿಡುವುದನ್ನು ಕಂಡವರು ಕಾವಲುಗಾರನಿಗೆ ಹೇಳಿ ಪಂಪು ಹಾಕಿಸಲಿ. ಅದಕ್ಕೆ ಪಂಪಿನ ಕೋಣೆಯ ಬೀಗದ ಕೈ ರಾತ್ರಿ ಪಾಳಿಯವನ ಬಳಿ ಇರಬೇಕು. ಹಗಲು ಪಾಳಿಯವರು ಕೈ ತಂದು ಬಾಗಿಲು ತೆಗೆಯುವಷ್ಟರಲ್ಲಿ ಬಿಸಿಲೇರಿ, ಬದುಕಿದ ಮೀನು ಕೆಳಗಿಳಿದಿರುತ್ತದೆ, ಉಳಿದದ್ದನ್ನು ಬಲೆಯಲ್ಲಿ ಎತ್ತಬೇಕಾಗುತ್ತದೆ.

ಇಂತಿ,
ಒಬ್ಬ ಓದುಗ