ಅರಿವು ಕೇಂದ್ರದಲ್ಲಿ ಸಿಕ್ಕ ಮೇಡಂಗೆ
ನಮ್ಮೂರ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಪತ್ರಿಕೆ ಓದುತ್ತಾ ಕುಳಿತಿದ್ದು, ಹೆಸರು ಹೇಳದೆಯೇ ಹೋದ ಮೇಡಂ, ನಿಮಗೆ ಹೃತ್ಪೂರ್ವಕ ಧನ್ಯವಾದಗಳು. ಮೂರನೇ ತರಗತಿಯ ಮಗಳು ಪಾಠವನ್ನು ಗಡಗಡನೆ ಓದುತ್ತಾಳೆ, ಅರ್ಥ ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಾಳೆ ಎಂದು ಗೊಣಗುತ್ತಿದ್ದೆ. "ಮಲಗುವಾಗಿನ ಕಥೆಯನ್ನೇ ಹಿಡಿಯಿರಿ, ಒಂದೇ ಉಸಿರಿಗೆ ಮುಗಿಸಬೇಡಿ" ಎಂದಿರಿ. ಕೋತಿ ಮೊಸಳೆಯ ಬೆನ್ನೇರಿ ನಡುನೀರಿಗೆ ಬಂದಾಗ ಪುಸ್ತಕ ಮುಚ್ಚಿ, "ಈಗ ಕೋತಿ ಏನು ಮಾಡೀತು? ಏಕೆ?" ಎಂದು ಕೇಳುವುದನ್ನು ತೋರಿಸಿಕೊಟ್ಟಿರಿ. ಯಾರು, ಎಲ್ಲಿ ಎಂಬುದಕ್ಕೆ ಪುಟದಲ್ಲೇ ಉತ್ತರವಿರುತ್ತದೆ. ಏಕೆ ಎಂದರೆ ಮಗು ಯೋಚಿಸಲೇಬೇಕು. (ಪರೀಕ್ಷೆಗೆಂದೇ ಓದಿಸುವ ನಮಗೆ ಇದೆಲ್ಲಿ ಹೊಳೆಯಬೇಕು!) ನಿನ್ನೆ ಮಗಳು, "ಹೃದಯ ಮರದಲ್ಲಿದೆ ಎಂದರೆ ಮೊಸಳೆ ನಂಬಿತಲ್ಲ, ಹೆಂಡತಿಯ ಭಯಕ್ಕೇ ಇರಬೇಕು" ಎಂದಳು. ಇನ್ನು ಅವಳ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ನನ್ನ ಕೆಲಸ. ಅದಕ್ಕೂ ನೀವೇ ಹೊಣೆ.