ಬ್ಯಾಂಗರ್‌ನಲ್ಲಿರುವ ಮಗಳಿಗೆ

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಎಲ್ಲರಿಗೂ ಇಂಗ್ಲಿಷ್ ಬರುವ ವೇಲ್ಸಿನಲ್ಲಿ ಪ್ರತಿ ಫಲಕವನ್ನೂ ಅಲ್ಲಿನ ಮೂಲ ಭಾಷೆಯಾದ ವೆಲ್ಷ್‌ನಲ್ಲಿಯೂ ಏಕೆ ಬರೆಯಬೇಕೆಂದು ಕೇಳಿದ್ದೀಯೆ. ನೀನು ಓದುತ್ತಿರುವ ಊರಿನಲ್ಲಿಯೇ ಓದಿದ ಕವಿ ಆರ್. ಎಸ್. ಥಾಮಸ್ ಅವರ ಬದುಕನ್ನು ಹೇಳಿದರೆ ಅದೇ ಉತ್ತರವಾದೀತು.

1913ರಲ್ಲಿ ಕಾರ್ಡಿಫ್‌ನಲ್ಲಿ ಹುಟ್ಟಿ, ಹಾಲಿಹೆಡ್ ಬಂದರಿನಲ್ಲಿ ಬೆಳೆದ ಅವರ ಮನೆಮಾತು ಇಂಗ್ಲಿಷ್. ಪಾದ್ರಿಯಾದ ಮೇಲೆ, ಮೂವತ್ತರ ಆಸುಪಾಸಿನಲ್ಲಿ, ಅವರು ವೆಲ್ಷ್ ಕಲಿತರು. ಆ ಭಾಷೆಯಲ್ಲಿ ಆತ್ಮಕಥೆಯನ್ನೇ ಬರೆದರು. 1985ರಲ್ಲಿ ಬಂದ ಅದರ ಹೆಸರು ‘ನೇಬ್’, ಅಂದರೆ ‘ಯಾರೂ ಅಲ್ಲ’. ಆದರೆ ಕವಿತೆ ಮಾತ್ರ ಆ ಭಾಷೆಯಲ್ಲಿ ಅವರಿಗೆ ಒಲಿಯಲಿಲ್ಲ. ಇಂಗ್ಲಿಷಿನ ಹಿಡಿತವನ್ನು ವಿರೋಧಿಸುತ್ತಲೇ ಇಂಗ್ಲಿಷಿನಲ್ಲಿಯೇ ಕವಿತೆ ಬರೆಯಬೇಕಾದ ಸಂಕಟವನ್ನು ಅವರು 2000ದಲ್ಲಿ ತೀರಿಕೊಳ್ಳುವವರೆಗೂ ಹೊತ್ತುಕೊಂಡಿದ್ದರು.

ಭಾಷೆಯಿಲ್ಲದೆ ವೇಲ್ಸ್ ಎಂಬ ರಾಷ್ಟ್ರವಿಲ್ಲ ಎಂಬುದು ಅವರ ನಿಲುವು. ಇಂಗ್ಲೆಂಡಿನ ಗಡಿಯ ಹತ್ತಿರದ ಮನಾವನ್ ಊರಿನಲ್ಲಿ ಹನ್ನೆರಡು ವರ್ಷವಿದ್ದು, ವೆಲ್ಷ್ ಮಾತನಾಡುವ ಜನರನ್ನು ಅರಸಿ ಪಶ್ಚಿಮಕ್ಕೆ ಸರಿಯುತ್ತ, 1967ರಲ್ಲಿ ಕಡಲ ತುದಿಯ ಅಬರ್‌ಡಾರನ್ ಸೇರಿದರು. ಅದಕ್ಕೆ ಎರಡು ವರ್ಷ ಮೊದಲಷ್ಟೇ, ಲಿವರ್‌ಪೂಲ್ ನಗರದ ನೀರಿಗಾಗಿ ಕಪೆಲ್ ಕೆಲಿನ್ ಎಂಬ ವೆಲ್ಷ್ ಹಳ್ಳಿಯನ್ನು ಅದರ ಶಾಲೆ, ಪ್ರಾರ್ಥನಾ ಮಂದಿರಗಳ ಸಮೇತ ಮುಳುಗಿಸಿದ್ದರು; ಅದಕ್ಕಾಗಿ ಬ್ರಿಟನ್ನಿನ ಸಂಸತ್ತಿನಲ್ಲಿ ತಂದ ಮಸೂದೆಯ ಪರವಾಗಿ ವೇಲ್ಸಿನ ಒಬ್ಬ ಸಂಸದನೂ ಮತ ಹಾಕಿರಲಿಲ್ಲ. ಅಣೆಕಟ್ಟೆಯಲ್ಲಿ ಊರು ಕಳೆದುಕೊಂಡವರನ್ನು ನಮ್ಮ ನಾಡಿನಲ್ಲಿ ಕಂಡ ನನಗೆ ಥಾಮಸ್ ಅವರ ಸಿಟ್ಟು ಅರ್ಥವಾಗುತ್ತದೆ. ಮುಂದೆ ಇಂಗ್ಲಿಷರ ರಜಾ ಮನೆಗಳಿಗೆ ಬೆಂಕಿಯಿಟ್ಟವರನ್ನು ಅವರು ಖಂಡಿಸದೇ ಹೋದದ್ದನ್ನು ಮಾತ್ರ ನಾನು ಒಪ್ಪಲಾರೆ. ಉರಿಯುವ ಮನೆಯಿಂದ ಯಾವ ಮಗುವಿನ ನಾಲಗೆಗೂ ಭಾಷೆ ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಇಷ್ಟೆಲ್ಲ ಹಂಬಲಿಸಿದ ಥಾಮಸ್, ತಮ್ಮ ಒಬ್ಬನೇ ಮಗನನ್ನು ಇಂಗ್ಲಿಷ್ ವಸತಿ ಶಾಲೆಗೆ ಕಳುಹಿಸಿದರು. ಇಂಗ್ಲೆಂಡಿನಿಂದ ಬಂದ ಹೆಂಡತಿಯೊಡನೆ ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಮಾತನಾಡಿದರು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ನಿನ್ನನ್ನು ಮೂರನೆಯ ವರ್ಷಕ್ಕೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಕನ್ನಡ ತಾನಾಗಿಯೇ ಬರುತ್ತದೆಂದು ಸುಮ್ಮನಿದ್ದವಳು ನಾನೇ ಅಲ್ಲವೇ?

ಬಿಡುವಾದಾಗ ಅಬರ್‌ಡಾರನ್‌ಗೆ ಹೋಗಿ ಬಾ. ಅವರ ಚರ್ಚು ಕಡಲ ದಂಡೆಯಲ್ಲಿಯೇ ಇದೆ. ಒಳಗೆ ಕುಳಿತರೆ ಅಲೆಗಳ ಸದ್ದು ಕೇಳಿಸುತ್ತದೆಯೇ ಎಂದು ನನಗೆ ಕನ್ನಡದಲ್ಲಿ ಬರೆ. ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ.

ನಿನ್ನ
ಅಮ್ಮ