ರಗ್ಗು ತಗೊಳ್ಳೋ ಮುಂಚೆ ಅದರ ಬೆನ್ನು ತಿರುಗಿಸಿ ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯ ಮನೆ ಅಲಂಕಾರದ ಪುಟದಲ್ಲಿ ಹಾಲ್‌ನ ನೆಲಕ್ಕೆ ಯಾವ ಕಲರ್ ರಗ್ಗು ಹಾಸ್ಬೇಕು, ಸೋಫಾಗೆ ಹೇಗೆ ಮ್ಯಾಚ್ ಮಾಡ್ಬೇಕು, ಸೈಜ್ ಎಷ್ಟಿರಬೇಕು ಅಂತೆಲ್ಲ ಬರೆದಿದ್ರಿ, ಚೆನ್ನಾಗೇ ಇತ್ತು, ಫೋಟೋದಲ್ಲಿದ್ದ ಮನೆಗಳಲ್ಲಿ ಮುಕ್ಕಾಲುಪಾಲು ಮರದ ನೆಲ, ಆದ್ರೆ ಆ ರಗ್ಗಿನ ಅಡಿಭಾಗ ಯಾವುದರದ್ದು ಅನ್ನೋದರ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ನಾನು ಬೆಂಗಳೂರಲ್ಲಿ ಮರದ ನೆಲಕ್ಕೆ ಸ್ಯಾಂಡಿಂಗ್ (ಮೇಲ್ಪದರ ಉಜ್ಜಿ ತೆಗೆಯೋದು), ಪಾಲಿಶ್ ಮಾಡೋ ಕೆಲಸದವನು. ನೆಲ ಹಾಳಾದ ಮೇಲೆ ಕರೆಯೋದು ನಮ್ಮನ್ನೇ ಆದ್ದರಿಂದ ಇದನ್ನ ಬರೀಲೇಬೇಕು ಅನ್ನಿಸ್ತು, ಜಾಗ ಇದ್ರೆ ಹಾಕಿ.

ಸಾಮಾನ್ಯವಾಗಿ ಫೋನ್ ಬರೋದು ಮನೆಯೋರು ಸೋಫಾ ಜಾಗ ಬದಲಾಯಿಸಿದಾಗ ಇಲ್ಲಾ ಬಾಡಿಗೆಯವರು ಖಾಲಿ ಮಾಡಿದಾಗ. ಹೋಗಿ ನೋಡಿದ್ರೆ ರಗ್ಗು ಹಾಸಿದ್ದ ಜಾಗದಲ್ಲಿ ಸಣ್ಣ ಸಣ್ಣ ಚೌಕದ ಜಾಲರಿ ಗುರುತು, ಹಳದಿ ಬಣ್ಣದಲ್ಲಿ, ಒಂದೊಂದು ಚೌಕಾನೂ ಎಣಿಸಬಹುದು ಅಷ್ಟು ಸ್ಪಷ್ಟ, ಬೆರಳಿಟ್ರೆ ಸ್ವಲ್ಪ ಅಂಟು ಅಂಟು. ಮನೆಯೋರು ಅಷ್ಟೊತ್ತಿಗೆ ಕೆಲಸದಮ್ಮನಿಗೆ ಬೈದು ಮುಗಿಸಿರ್ತಾರೆ, ಫಿನಾಯಿಲ್ ಜಾಸ್ತಿ ಸುರಿದಿದಾಳೆ ಅಂತ. ಪಾಪ ಅವಳದ್ದೇನಿದೆ ಅದ್ರಲ್ಲಿ, ಅದು ರಗ್ಗು ಜಾರಬಾರ್ದು ಅಂತ ಕೆಳಗೆ ಹಾಕಿದ ಆಂಟಿ ಸ್ಕಿಡ್ ಮ್ಯಾಟಿನ ಗುರುತು.

ಆ ಮ್ಯಾಟು ಬಹಳಷ್ಟು ಸಲ ಪಿವಿಸಿದು. ಪಿವಿಸಿ ಅನ್ನೋದು ಹುಟ್ಟಾ ಗಟ್ಟಿ ವಸ್ತು, ನಮ್ಮ ಮನೆ ನೀರಿನ ಪೈಪ್ ಕೂಡ ಅದೇ ತಾನೆ, ಅದನ್ನ ಮೆತ್ತಗೆ ಮಾಡೋಕೆ ಪ್ಲಾಸ್ಟಿಸೈಸರ್ ಅಂತ ಎಣ್ಣೆ ತರದ ಕೆಮಿಕಲ್ ಸೇರಿಸ್ತಾರೆ, ಅದು ಅಲ್ಲೇ ಕೂತಿರಲ್ಲ, ನಿಧಾನಕ್ಕೆ ಹೊರಗೆ ಬಂದು ನೆಲದ ಪಾಲಿಶ್ ಒಳಗೆ ಇಳಿಯುತ್ತೆ. ಬಿಸಿಲು ಬೀಳೋ ಜಾಗ ಆದ್ರೆ, ಮೇಲೆ ಭಾರದ ಟೀಪಾಯಿ ಇದ್ರೆ ಇನ್ನೂ ಬೇಗ. ಕಲೆ ಪಾಲಿಶ್ ಪದರದ ಒಳಗೇ ಕೂತಿರೋದ್ರಿಂದ ಸೋಪಿಗೂ ಹೋಗಲ್ಲ ಥಿನ್ನರಿಗೂ ಹೋಗಲ್ಲ, ಥಿನ್ನರ್ ಹಾಕಿದ್ರೆ ಇದ್ದ ಪಾಲಿಶೂ ಎದ್ದು ಬರುತ್ತೆ. ಉಜ್ಜಿ ತೆಗೆದು ಹೊಸದಾಗಿ ಪಾಲಿಶ್ ಹೊಡೀಬೇಕು ಅಷ್ಟೇ, ಅದೂ ಆ ಚೌಕ ಒಂದಕ್ಕೆ ಹೊಡೆದ್ರೆ ತೇಪೆ ಕಾಣುತ್ತೆ ಅಂತ ಇಡೀ ರೂಮು.

ಉಜ್ಜೋಕೆ ಆಗೋ ನೆಲ ಆಗಿದ್ರೆ ಪುಣ್ಯ. ನಮ್ ಜನ ಕಂದು ಬಣ್ಣ ಕಂಡಿದ್ದಕ್ಕೆಲ್ಲ ವುಡನ್ ಫ್ಲೋರಿಂಗ್ ಅಂತಾರೆ, ಬಿಲ್ಡರ್‌ಗಳೂ ಹಾಗೇ ಹೇಳಿ ಮಾರ್ತಾರೆ. ಅಪಾರ್ಟ್‌ಮೆಂಟಿನ ಮಾಸ್ಟರ್ ಬೆಡ್‌ರೂಮಲ್ಲಿ ಇರೋದು ಹೆಚ್ಚಾಗಿ 8 ಎಂಎಂ ಲ್ಯಾಮಿನೇಟು, ಅಂದ್ರೆ ಒತ್ತಿದ ಮರದ ಪುಡಿ ಹಲಗೆ ಮೇಲೆ ಮರದ ಫೋಟೋ ಪ್ರಿಂಟ್ ಮಾಡಿದ ಪೇಪರು, ಅದನ್ನ ಉಜ್ಜಿದ್ರೆ ಫೋಟೋನೇ ಹೋಗುತ್ತೆ. ಇಂಜಿನಿಯರ್ಡ್ ವುಡ್ಡಲ್ಲಿ ಮೇಲಿನ ಪದರ ನಿಜವಾದ ಮರ, ಆದ್ರೆ 2 ಎಂಎಂ ಇರೋದೂ ಉಂಟು 6 ಎಂಎಂ ಇರೋದೂ ಉಂಟು, ತೆಳ್ಳಗಿರೋದನ್ನ ಒಂದು ಸಲ ಉಜ್ಜೋಕೂ ಧೈರ್ಯ ಬರಲ್ಲ. ಪೂರ್ತಿ ಸಾಗುವಾನಿನದ್ದೋ ಹೊನ್ನೆದೋ ಹಲಗೆ ಹಾಸಿದ್ರೆ ಮಾತ್ರ ಮತ್ತೆ ಮತ್ತೆ ಉಜ್ಜಬಹುದು. ಇನ್ನೊಂದಿದೆ, ಮರದ ಡಿಸೈನಿನ ವಿನೈಲು, ಅಂದ್ರೆ ಪ್ಲಾಸ್ಟಿಕ್ ನೆಲ, ಅದರ ಕತೆ ಉಲ್ಟಾ, ಮರಕ್ಕೆ ಒಳ್ಳೇದು ಅನ್ನೋ ರಬ್ಬರು ಅದಕ್ಕೆ ಕಲೆ ಮಾಡುತ್ತೆ. ಅದಕ್ಕೇ ರಗ್ಗು ತರೋಕೆ ಮುಂಚೆ ನಿಮ್ಮನೆ ನೆಲ ಇವುಗಳಲ್ಲಿ ಯಾವುದು ಅಂತ ಬಿಲ್ ತೆಗೆದು ನೋಡ್ಕೊಳಿ, ಬಿಲ್ ಇಲ್ದಿದ್ರೆ ಬಾಗಿಲ ಹತ್ರ ಪಟ್ಟಿ ಬಿಚ್ಚಿ ಹಲಗೆ ಅಂಚು ನೋಡಿದ್ರೆ ಯಾವ ಬಡಗಿ ಆದ್ರೂ ಹೇಳ್ತಾನೆ.

ಇನ್ನು ಅಂಗಡೀಲಿ ಏನಾಗುತ್ತೆ ಅಂದ್ರೆ, ಲೇಬಲ್ಲಲ್ಲಿ ಎಂಆರ್‌ಪಿ ಇರುತ್ತೆ, ಅಳತೆ ಇರುತ್ತೆ, ಮೇಲಿನ ನೂಲು ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕೋ ಉಣ್ಣೆಯೋ ಅಂತ ಇರುತ್ತೆ, ಬೆನ್ನಿಗೆ ಏನ್ ಹಚ್ಚಿದಾರೆ ಅಂತ ನಾನಂತೂ ಹೆಚ್ಚು ಲೇಬಲ್ಲಲ್ಲಿ ನೋಡಿಲ್ಲ. ಕೇಳಿದ್ರೆ "ಆಂಟಿ ಸ್ಕಿಡ್ ಸಾರ್, ಜಾರಲ್ಲ" ಅಂತಾರೆ. ಜಾರಲ್ಲ ಸರಿ, ಯಾತಕ್ಕೆ ಜಾರಲ್ಲ ಅನ್ನೋದು ನಮಗೆ ಬೇಕಾಗಿರೋದು. ಹಾಗಾಗಿ ಅಲ್ಲೇ ಮೂಲೆ ಮಗುಚಿ ನೋಡಿ. ಹೊಳೆಯೋ ಪ್ಲಾಸ್ಟಿಕ್ ಬೊಟ್ಟು, ಹೊಸ ರೇನ್‌ಕೋಟಿನ ವಾಸನೆ ಬಂದ್ರೆ ಮರದ ನೆಲಕ್ಕೆ ಬೇಡ. ಬಿಳಿ ಬಟ್ಟೆ ಅಂಟಿಸಿ ಅದರೊಳಗೆ ಗಟ್ಟಿ ಗೋಂದು ಇದ್ದ ಹಾಗೆ ಇದ್ರೆ ಅದು ಹ್ಯಾಂಡ್ ಟಫ್ಟೆಡ್, ನೂಲು ನಿಲ್ಲಿಸಿರೋದು ಲ್ಯಾಟೆಕ್ಸ್ ಅಂಟು, ವರ್ಷಗಳು ಕಳೆದ ಹಾಗೆ ಆ ಅಂಟು ಒಣಗಿ ಪುಡಿ ಪುಡಿ ಉದುರುತ್ತೆ, ಗುಡಿಸಿದಷ್ಟೂ ಬರುತ್ತೆ. ಬೆನ್ನಲ್ಲೂ ಮುಂದಿನ ಡಿಸೈನೇ ಗಂಟು ಗಂಟಾಗಿ ಕಂಡ್ರೆ ಕೈಯಲ್ಲಿ ಗಂಟು ಹಾಕಿದ್ದು, ಉತ್ತರಪ್ರದೇಶದ ಭದೋಹಿ ಮಿರ್ಜಾಪುರ ಕಡೆಯಿಂದ ಬರೋದು ಅಂತದ್ದು ಬಹಳ ಇವೆ, ಅಂಟಿನ ಗಲಾಟೆ ಇಲ್ಲ, ರೇಟು ಮಾತ್ರ ಕೇಳ್ಬೇಡಿ. ಮೆಷಿನ್ ರಗ್ಗಿನ ಬೆನ್ನು ಒರಟಾಗಿರುತ್ತೆ, ಮುಂಗೈ ಒಳಭಾಗಕ್ಕೆ ಉಜ್ಜಿ ನೋಡಿ, ಚರ್ಮ ಕೆಂಪಗಾದ್ರೆ ಪಾಲಿಶನ್ನೂ ಕೆರೆಯುತ್ತೆ. ಸೆಣಬಿನದ್ದು ನೋಡೋಕೆ ಚೆಂದ ಆದ್ರೆ ಒದ್ದೆ ಆದ್ರೆ ಕಂದು ನೀರು ಬಿಡುತ್ತೆ. ಕೆಂಪು ಕಡುನೀಲಿ ತಗೊಳ್ಳೋರು ಒದ್ದೆ ಬಿಳಿ ಕರ್ಚೀಫಲ್ಲಿ ಒಂದ್ಸಲ ಒತ್ತಿ ನೋಡಿ, ಬಣ್ಣ ಹತ್ತಿದ್ರೆ ವಾಪಸ್ ಇಟ್ಟುಬಿಡಿ.

ನನ್ನ ಕೇಳಿದ್ರೆ ಹತ್ತಿ ಜಮಖಾನೆಯಷ್ಟು ಒಳ್ಳೇದು ಬೇರೆ ಇಲ್ಲ. ನವಲಗುಂದದ ಜಮಖಾನೆ ಹೆಸರು ಎಲ್ರೂ ಕೇಳಿದೀರಿ, ಜಿಐ ಟ್ಯಾಗ್ (ಆ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಇದೆ, ಅಲ್ಲಿ ಹೆಣ್ಣುಮಕ್ಕಳೇ ಮಗ್ಗದಲ್ಲಿ ಕೂತು ನೇಯೋದು, ನವಿಲು, ಪಗಡೆ ಹಾಸಿನ ಡಿಸೈನು, ಎರಡೂ ಕಡೆ ಬರೀ ಹತ್ತಿ, ಬೆನ್ನಿಗೆ ಏನೂ ಬಳಿದಿರಲ್ಲ. ಒಂದೇ ತೊಂದರೆ, ನುಣ್ಣನೆ ಪಾಲಿಶ್ ಮೇಲೆ ಜಾರುತ್ತೆ, ವಯಸ್ಸಾದೋರು ಇರೋ ಮನೇಲಿ ಇದು ಸಣ್ಣ ಮಾತಲ್ಲ. ಅದಕ್ಕೆ ಎರಡು ಅಂಚು ಸೋಫಾ ಕಾಲಡಿ ಸಿಕ್ಕಿಸಿ, ಇಲ್ಲಾ ಕೆಳಗೆ ಫೆಲ್ಟಿಗೆ (ನಾರು ಒತ್ತಿ ಮಾಡಿದ ದಪ್ಪ ಬಟ್ಟೆ) ನ್ಯಾಚುರಲ್ ರಬ್ಬರ್ ಕೂಡಿಸಿದ ಪ್ಯಾಡ್ ಹಾಕಿ, 6 ಎಂಎಂ ಸಾಕು, ರಗ್ಗಿಗಿಂತ ಸುತ್ತ ಒಂದೊಂದು ಇಂಚು ಚಿಕ್ಕದಾಗಿ ಕತ್ತರಿಸಿದ್ರೆ ಅಂಚು ಎದ್ದು ಎಡವೋದಿಲ್ಲ. "ರಬ್ಬರೈಸ್ಡ್", "ರಬ್ಬರ್ ಫೀಲ್" ಅಂತ ಬರೆದ ಮಾತ್ರಕ್ಕೆ ಅದು ನ್ಯಾಚುರಲ್ ರಬ್ಬರ್ ಅಂತಲ್ಲ. ನಮ್ಮ ಸುಳ್ಯ ಪುತ್ತೂರು ಬೆಳ್ತಂಗಡಿಲಿ ತೋಟಗಟ್ಟಲೆ ರಬ್ಬರ್ ಬೆಳೆದು ರೇಟಿಲ್ಲ ಅಂತ ಒದ್ದಾಡ್ತಾರೆ, ಬೆಂಗಳೂರಲ್ಲಿ ಒಂದು ಸರಿಯಾದ ರಬ್ಬರ್ ಪ್ಯಾಡ್ ಹುಡುಕೋಕೆ ನಾಲ್ಕು ಅಂಗಡಿ ಸುತ್ತಬೇಕು, ಇದಕ್ಕೇನ್ ಹೇಳೋದು. ಎರಡು ಕಡೆ ಅಂಟೋ ಟೇಪ್ ಹಾಕೋ ಐಡಿಯಾ ಯಾರಾದ್ರೂ ಕೊಟ್ರೆ ಬೇಡ ಅನ್ನಿ, ತೆಗೆಯುವಾಗ ಪಾಲಿಶ್ ಜೊತೆಗೇ ಎದ್ದು ಬರುತ್ತೆ.

ನಾನು ಮಲೆನಾಡಿನ ಕಡೆಯವನು. ನಮ್ಮ ಹಳೇ ಮನೆಗಳ ಉಪ್ಪರಿಗೆ ಎಲ್ಲ ಮರದ ಹಲಗೇದೇ, ಅಲ್ಲಿ ಕಂಬಳಿ, ಜಮಖಾನೆ, ಚಾಪೆ ಎಲ್ಲ ಹಾಸ್ತಿದ್ರು, ಆದ್ರೆ ನೆಂಟರು ಎದ್ದ ತಕ್ಷಣ ಸುತ್ತಿ ಮೂಲೆಗೆ ನಿಲ್ಲಿಸ್ತಿದ್ರು. ಈಗಿನ ರಗ್ಗು ಗೃಹಪ್ರವೇಶಕ್ಕೆ ಹಾಸಿದ್ದು ಮನೆ ಖಾಲಿ ಮಾಡೋವರೆಗೂ ಏಳಲ್ಲ, ಅರ್ಧ ತೊಂದರೆ ಬರೋದೇ ಇದರಿಂದ. ನೆಲ ಒರೆಸ್ತಾರೆ, ಅಂಚು ಒದ್ದೆ ಆಗುತ್ತೆ, ನೀರು ಅಡಿಗೆ ಹೋಗುತ್ತೆ, ಮಳೆಗಾಲದಲ್ಲಿ ಅದು ಆರೋದಿಲ್ಲ, ಹಲಗೆ ಅಡಿಯಿಂದ ಉಬ್ಬಿ ಅಂಚು ಮೇಲೇಳುತ್ತೆ, ಲ್ಯಾಮಿನೇಟಾದ್ರೆ ಜಾಯಿಂಟ್ ಊದಿಕೊಳ್ಳುತ್ತೆ, ಅದು ಮತ್ತೆ ಇಳಿಯಲ್ಲ. ಚಪ್ಪಲಿಯಿಂದ ಬಂದ ಮರಳು ನೂಲಿನ ಸಂದೀಲಿ ಇಳಿದು ಅಡಿಯಲ್ಲಿ ಕೂರುತ್ತೆ, ಮೇಲೆ ಓಡಾಡಿದಷ್ಟೂ ಎಮರಿ ಪೇಪರಿನ ಕೆಲಸ ಮಾಡುತ್ತೆ. ಆಮೇಲೆ ಬಿಸಿಲಿಗೆ ಮರದ ಬಣ್ಣ ತಿರುಗುತ್ತೆ, ಸಾಗುವಾನಿ ಬೆಳಕಿಗೆ ಬಿದ್ದಷ್ಟೂ ಚಿನ್ನದ ಬಣ್ಣಕ್ಕೆ ಬರುತ್ತೆ, ರಗ್ಗಿನ ಅಡಿ ಇರೋದು ಹಾಗೇ ಉಳಿದು ಚೌಕಾಕಾರ ಕಾಣುತ್ತೆ. ಇದಕ್ಕೊಂದು ಹೆದರಬೇಡಿ, ರಗ್ಗು ತೆಗೆದು ಕೆಲವು ತಿಂಗಳು ಬಿಟ್ರೆ ಬಹುಪಾಲು ಸಮ ಆಗುತ್ತೆ, ನಮ್ಮನ್ನ ಕರೆದು ದುಡ್ಡು ದಂಡ ಮಾಡ್ಕೋಬೇಡಿ. ವಾರಕ್ಕೊಂದ್ಸಲ ಎತ್ತಿ ಬಾಲ್ಕನಿ ಕಂಬಿ ಮೇಲೆ ಹಾಕಿ, ನೆಲ ಪೂರ್ತಿ ಒಣಗಿದ ಮೇಲೇ ಮತ್ತೆ ಹಾಸಿ, ಆವಾಗಾವಾಗ ದಿಕ್ಕು ತಿರುಗಿಸಿ. ಹೂಕುಂಡ ಮಾತ್ರ ರಗ್ಗಿನ ಮೇಲೆ ಇಡಲೇಬೇಡಿ.

ಹೊಸ ಪಾಲಿಶ್ ಆದ ಮನೆಯೋರಿಗೆ ಇನ್ನೊಂದು ಮಾತು. ಕೈಗೆ ಅಂಟಲ್ಲ ಅಂದ ಮಾತ್ರಕ್ಕೆ ಒಣಗಿದೆ ಅಂತಲ್ಲ, ಒಳಗೆ ಇನ್ನೂ ಗಟ್ಟಿ ಆಗ್ತಿರುತ್ತೆ. ವಾಟರ್ ಬೇಸ್ಡ್ ಪಿಯು (ಪಾಲಿಯುರಿಥೇನ್) ಪಾಲಿಶ್ ಆದ್ರೆ ಎರಡು ವಾರ, ಆಯಿಲ್ ಬೇಸ್ಡ್ ಆದ್ರೆ ಹೆಚ್ಚುಕಮ್ಮಿ 30 ದಿನ ರಗ್ಗು ಬೇಡ, ಡಬ್ಬಿ ಮೇಲೆ ಬರೆದಿರುತ್ತೆ. ನಾವು ಹೇಳಿಬಂದ ಮಾರನೇ ದಿನವೇ ಸತ್ಯನಾರಾಯಣ ಪೂಜೆ ಇಟ್ಕೊಂಡು ಜಮಖಾನೆ ಹಾಸೋರಿದಾರೆ, ಆಮೇಲೆ ನೇಯ್ಗೆ ಗುರುತು ನೆಲದಲ್ಲಿ ಮೂಡಿದೆ ಅಂತ ನಮಗೇ ಬೈತಾರೆ.

ನನ್ನ ಬೇಡಿಕೆ ಇಷ್ಟೇ. ರಗ್ಗು ಮಾರೋರು ಬೆನ್ನಿಗೆ ಏನ್ ಹಾಕಿದೀವಿ, ಯಾವ ನೆಲಕ್ಕೆ ಆಗಲ್ಲ ಅಂತ ಲೇಬಲ್ಲಲ್ಲೇ ಕನ್ನಡದಲ್ಲಿ ಒಂದು ಸಾಲು ಬರೀಲಿ, ಬಿಲ್ಡರ್‌ಗಳು ಕೀ ಕೊಡುವಾಗ ನೆಲ ಲ್ಯಾಮಿನೇಟೋ ವಿನೈಲೋ ನಿಜವಾದ ಮರಾನೋ ಅಂತ ಕಾಗದದಲ್ಲಿ ಕೊಡಲಿ. ಸಂಬಂಧಪಟ್ಟ ಇಲಾಖೆಯೋರು ಇದನ್ನ ಕಡ್ಡಾಯ ಮಾಡೋಕಾಗುತ್ತಾ ನೋಡಲಿ. ನಿಮ್ಮ ಪುರವಣಿಯೋರೂ ಮುಂದಿನ ಸಲ ರಗ್ಗಿನ ಫೋಟೋ ಹಾಕುವಾಗ ಮಗುಚಿದ ಫೋಟೋನೂ ಒಂದು ಹಾಕಿ.

ಇಂತಿ,
ನಿಮ್ಮ ದಿನದ ಓದುಗ, ನೆಲದ ಪಾಲಿಶ್ ಕೆಲಸದವನು, ಬೆಂಗಳೂರು